ಕೆಂಪು ಗೆರೆ ಕಂಡಿತ್ತು, ಸಹಿ ಬಂದಿರಲಿಲ್ಲ

ಮೇಣ ಕರಗುವ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುವುದು ಹುಬ್ಬಳ್ಳಿಯ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಅದೇ ವಾಸನೆ ಸವಣೂರಿನ ನಮ್ಮ ಶಾಲೆಯ ಡ್ರಾಯಿಂಗ್ ಸರ್ ಹತ್ತಿರವೂ ಇರುತ್ತಿತ್ತು. ಬಿಸಿಲಿಗೆ ಮೆತ್ತಗಾದ ಮೇಣದ ಬಣ್ಣದ ಕಡ್ಡಿಗಳು ಅವರ ಕಿಸೆಯಲ್ಲೇ ಅರ್ಧ ಕರಗಿರುತ್ತಿದ್ದವು...

ಒಮ್ಮೆ ನವಿಲು ಬರೆಯಿಸಲು, ನವಿಲಿಗೆ ಹೆಸರಾದ ಬಂಕಾಪುರದ ಕೋಟೆಗೆ ಕರೆದೊಯ್ದಿದ್ದರು. ಒಂದೂ ನವಿಲು ಕಾಣಲಿಲ್ಲ. ಸರ್ ನಕ್ಕು, "ಕೂಗು ಕೇಳಸ್ತಲ್ಲ, ಅದನ್ನ ಬರೀರಿ" ಅಂದಿದ್ದರು.

ನಿವೃತ್ತಿಯಾದ ಮೇಲೆ ಅವರ ಎರಡೂ ಕಿಡ್ನಿ ಸೋತು ಡಯಾಲಿಸಿಸ್ ಶುರುವಾಯಿತು. ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುತ್ತಿದ್ದವರು, ತಮ್ಮದೊಂದನ್ನು ಕೊಟ್ಟರು. ಕಸಿ ಮಾಡಿಸಿಕೊಂಡು ಬಂದ ಸರ್ ತಪಾಸಣೆಗೆ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. "ಕಿಡ್ನಿ ಅಕಿದಲ್ಲೇನ ಬೇಟಾ, ಭಾಳ ಹಟಮಾರಿ. ನನ್ನ ಬಿಟ್ಟು ಹೋಗೂದಿಲ್ಲ" ಎನ್ನುತ್ತಿದ್ದರು. ಚಾಚಿ ಮುಖ ತಿರುಗಿಸಿ ನಗುತ್ತಿದ್ದರು.

ಆಮೇಲೆ ಕಾಲು ಬಾತವು. ಕಿಡ್ನಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದನ್ನು ಗಾಜಿಗೇರಿಸಿದವಳು ನಾನೇ. ಆಗಷ್ಟೇ ನಮ್ಮಲ್ಲಿಗೆ ಗಾಜಿನ ಚಿತ್ರ ತೆಗೆಯುವ ಹೊಸ ಯಂತ್ರ ಬಂದಿತ್ತು. ಆ ಚಿತ್ರವನ್ನು ಓದುವ ಕೃತಕ ಬುದ್ಧಿಮತ್ತೆಯೂ ಜೊತೆಗೆ, ಪ್ರಯೋಗಕ್ಕೆಂದು. ಚಹಾ ಆರುವುದರೊಳಗೆ ಪರದೆಯ ಮೇಲೆ ಅಲ್ಲಲ್ಲಿ ಕೆಂಪು ಗೆರೆ ಮೂಡಿದವು. ದೇಹ ಆ ಕಿಡ್ನಿಯನ್ನು ಒಲ್ಲೆನ್ನುತ್ತಿದೆ ಎಂಬ ಗುರುತು.

ಡಾಕ್ಟರ ಬಳಿಗೆ ಓಡಿದೆ. "ಕಂಪ್ಯೂಟರ್ ಅಂತು ಅಂತ ಔಷಧ ಕೊಡಾಕ ಬರೂದಿಲ್ಲವ್ವಾ. ಸೋಂಕು ಇದ್ರೂ ಹಿಂಗ ಕಾಣತೈತಿ. ಆಗ ರೋಗನಿರೋಧಕ ಶಕ್ತಿ ತಗ್ಗಸೂ ಅದ ಔಷಧ ಅವರನ್ನ ಕೊಲ್ತೈತಿ" ಎಂದರು. ಅವರ ಮಾತು ಸುಳ್ಳಲ್ಲ. ಕಸಿಯ ಕಿಡ್ನಿಯನ್ನು ಓದಬಲ್ಲ ತಜ್ಞರು ನೋಡಿ ಸಹಿ ಹಾಕಬೇಕು. ಅಂಥವರು ನಮ್ಮಲ್ಲಿ ಇರಲಿಲ್ಲ, ಬೆಂಗಳೂರಿನಲ್ಲಿದ್ದರು.

ಚಿತ್ರ ಕಳಿಸಿದೆ. ಕಡತ ಭಾರವಾಗಿ ನಡುವೆಯೇ ನಿಂತಿತು. ಮತ್ತೆ ಕಳಿಸಿದೆ. ಫೋನು ಹಚ್ಚಿದರೆ, ತಜ್ಞರು ಸಮ್ಮೇಳನಕ್ಕೆ ಹೋಗಿದ್ದಾರೆಂದು ಅವರ ಸಹಾಯಕಿ ಹೇಳಿದಳು. "ಬಂದ್ಮೇಲೆ ನೋಡ್ತಾರೆ ಮೇಡಂ." ಮರುದಿನವೂ ಅದೇ ಉತ್ತರ. ಬೇರೆ ಯಾರಾದರೂ ನೋಡಲಿ ಎಂದರೆ, ಒಪ್ಪಂದ ಅವರೊಬ್ಬರ ಜೊತೆಗೇ ಎಂದು ನಮ್ಮ ಆಡಳಿತದವರು ಅಂದರು. ಕೂದಲೆಳೆಗಿಂತ ಸಣ್ಣದನ್ನು ಕ್ಷಣದಲ್ಲಿ ಹುಡುಕುವ ಯಂತ್ರ ತರಲು ಬಂದಿತ್ತು, ಒಂದು ಸಹಿ ತರಲು ಬರಲಿಲ್ಲ! ಹಲ್ಲು ಕಚ್ಚಿಕೊಂಡು ಪರದೆಯ ಮುಂದೆ ಕೂತಿರುತ್ತಿದ್ದೆ.

ಆ ನಡುವೆ ಸರ್ ಲ್ಯಾಬಿನ ಬಾಗಿಲಿಗೆ ಬಂದರು. "ನನ್ನ ಚಿತ್ರ ನಿನ್ನ ಕಡೆ ಐತಂತಲ್ಲ, ತೋರ್ಸು."

ಕೆಂಪು ಗೆರೆಗಳನ್ನು ಮರೆಮಾಡಿ ತೋರಿಸಿದೆ. ಗುಲಾಬಿ, ನೇರಳೆ... ಬಹಳ ಹೊತ್ತು ನೋಡಿದರು.

"ಇದು ನಿಮ್ಮ ಚಾಚೀದೇನು?"

"ಹೌದ್ರಿ ಸರ್."

"ಇಷ್ಟ ವರ್ಷ ಸಂಸಾರ ಮಾಡೇನಿ, ಇಷ್ಟು ಚಂದ ಅದಾಳಂತ ಗೊತ್ತಿರ್ಲಿಲ್ಲ ನೋಡು" ಎಂದರು.

ತಜ್ಞರು ಮರಳಿದ ಮೇಲೆ ಸಹಿ ಬಂತು. ಯಂತ್ರ ಹೇಳಿದ್ದೇ ಅದರಲ್ಲೂ ಇತ್ತು. ಔಷಧ ಕೊಟ್ಟರು, ಆದರೆ ಕಿಡ್ನಿ ಉಳಿಯಲಿಲ್ಲ. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿತ್ತೇ? ಡಾಕ್ಟರು ಹೇಳಲಿಲ್ಲ, ಯಂತ್ರವೂ ಹೇಳುವುದಿಲ್ಲ. ಸೋತ ಕಿಡ್ನಿಯನ್ನು ತೆಗೆಯದೆ ಒಳಗೇ ಬಿಟ್ಟರು. ಸರ್ ಮತ್ತೆ ಡಯಾಲಿಸಿಸ್ಸಿಗೆ ಮರಳಿದರು. ಮರುವರ್ಷ ಹೋಗಿಬಿಟ್ಟರು.

ಈಗ ನಮ್ಮಲ್ಲಿ ವ್ಯವಸ್ಥೆ ಬದಲಾಗಿದೆ. ಯಂತ್ರ ಗೆರೆ ಎಳೆದರೆ ಮೂರು ಊರಿನ ತಜ್ಞರಿಗೆ ಒಟ್ಟಿಗೇ ಸುದ್ದಿ ಹೋಗುತ್ತದೆ, ಅದೇ ದಿನ ವರದಿ ಬರುತ್ತದೆ. ಇದನ್ನು ಚಾಚಿಗೆ ಹೇಳಬೇಕೆಂದು ಕಳೆದ ವಾರ ಸವಣೂರಿಗೆ ಹೋಗಿದ್ದೆ. ಯಾಕೆ ಹೇಳಬೇಕೆನಿಸಿತೋ... ಅವರೆದುರು ಕೂತ ಮೇಲೆ ಅದನ್ನು ಬಿಟ್ಟು, "ಒಬ್ಬರ ಇರ್ತೀರಿ, ಬ್ಯಾಸರ ಆಗೂದಿಲ್ಲೇನ್ರಿ?" ಎಂದಷ್ಟೇ ಕೇಳಿದೆ.

ಚಾಚಿ ಪಕ್ಕೆಯ ಮೇಲೆ ಕೈ ಇಟ್ಟುಕೊಂಡರು.

"ಅವರೂ ಒಬ್ಬರ ಹೋಗಿಲ್ಲ ಬೇಟಾ. ಒಂದೀಟು ನಾನೂ ಅವರ ಜೋಡಿ ಮಣ್ಣಾಗೇನಿ."