ಬುಗುರಿ ಬಿದ್ದ ಮೇಲೆ

ಬಾಗಲೂರು ರಸ್ತೆಯಿಂದ ಒಳಕ್ಕೆ ತಿರುಗುವ ಮಣ್ಣುಹಾದಿಯ ಕೊನೆಯಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರವಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟಿನ ಸೆಕ್ಯೂರಿಟಿಯವರು ಮಫ್ಲರ್ ಸರಿಸಿ ನೋಡುತ್ತಾರೆ; ಸ್ಕೂಟರಿನ ಮುಂದೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಬಂದವರು ಬ್ಯಾಟರಾಯಪ್ಪ ಎಂದು ತಿಳಿದೊಡನೆ ಏನೂ ಕೇಳದೆ ಗೇಟು ತೆರೆಯುತ್ತಾರೆ. ಬೇರೆ ದಿನವಾಗಿದ್ದರೆ ಬ್ಯಾಟರಾಯಪ್ಪ ಅವರ ಫ್ಲಾಸ್ಕಿನಿಂದ ಅರ್ಧ ಲೋಟ ಟೀ ಬಗ್ಗಿಸಿಕೊಂಡು, ಎರಡು ಮಾತಾಡಿ ಒಳಗೆ ಹೋಗುತ್ತಿದ್ದರು. ಇಂದು ತಲೆ ಎತ್ತುವುದಿಲ್ಲ.

ಪ್ರಯೋಗಾಲಯದ ಮೂಲೆಯ ಮೇಜಿನ ಕೆಳಗಿನ ಕಂಪ್ಯೂಟರನ್ನು ಅವರು ಮೆಲ್ಲಗೆ ಹೊರಗೆಳೆಯುತ್ತಾರೆ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಮೈಯಲ್ಲಿ ಉಳಿದಿರಬಹುದಾದ ವಿದ್ಯುತ್ತು ಇಳಿದುಹೋಗಲೆಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಒಳಗಿರುವ ಉದ್ದನೆಯ ಹಸಿರು ಕಾರ್ಡನ್ನು ಎರಡೂ ಅಂಚು ಹಿಡಿದು ಮೇಲೆತ್ತುತ್ತಾರೆ. ಅದು ಕುಳಿತಿದ್ದ ಕೆಳಗಿನ ಸ್ಲಾಟಿನೊಳಕ್ಕೆ, ಎಂದರೆ ಕಾರ್ಡ್ ಸಿಕ್ಕಿಸುವ ಸೀಳಿನೊಳಕ್ಕೆ, ಟಾರ್ಚ್ ಬಿಡುತ್ತಾರೆ. ಹೊರಗಿನಿಂದ ಅದು ಮೇಲಿನ ಸ್ಲಾಟಿನಷ್ಟೇ ಉದ್ದವಾಗಿದೆ. ಒಳಗೆ ಹೊಳೆಯುವ ಹಲ್ಲುಗಳು ಮಾತ್ರ ಆರಂಭದ ಸ್ವಲ್ಪ ಭಾಗದಲ್ಲಷ್ಟೇ ಇವೆ. ಉಳಿದದ್ದೆಲ್ಲ ಬರಿಯ ಪ್ಲಾಸ್ಟಿಕ್ಕಿನ ಖಾಲಿ ಸೀಳು. ನಿನ್ನೆಯಿಂದ ಅವರನ್ನು ಕಾಡುತ್ತಿರುವುದು ಈ ಖಾಲಿ ಸೀಳೇ.

ಅವರ ಕೆಲಸವೇನೆಂದು ತಿಳಿಯದೆ ಈ ಸಂಕಟ ಅರ್ಥವಾಗುವುದಿಲ್ಲ. ವಿಜ್ಞಾನಿಗಳು ಬಳಸುವ ಅತಿವೇಗದ ಕ್ಯಾಮೆರಾ ಒಂದು ಸೆಕೆಂಡಿನಲ್ಲಿ ಸಾವಿರಾರು ಚಿತ್ರ ತೆಗೆಯುತ್ತದೆ. ಅಷ್ಟನ್ನೂ ಸಾಮಾನ್ಯ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸಾಗಿಸಲಾಗದು. ಅದಕ್ಕೆಂದೇ ಒಂದು ಇಮೇಜ್ ಕ್ಯಾಪ್ಚರ್ ಕಾರ್ಡ್ ಬೇಕು. ಕ್ಯಾಮೆರಾ ಸುರಿಯುವ ಚಿತ್ರಗಳನ್ನು ಹಿಡಿದು ಕಂಪ್ಯೂಟರಿನ ಸ್ಮೃತಿಗೆ ದಾಟಿಸುವುದು ಅದರ ಕೆಲಸ. ಅದನ್ನು ಕೂರಿಸಿದ ಸ್ಲಾಟಿನಲ್ಲಿ ಹಲ್ಲುಗಳು ಕಡಿಮೆಯಿದ್ದು ದಾರಿ ಕಿರಿದಾಗಿದ್ದರೆ ಚಿತ್ರಗಳು ಕಾರ್ಡಿನೊಳಗೇ ತುಂಬಿಕೊಳ್ಳುತ್ತವೆ. ತುಂಬಿದ ಮೇಲೆ ಬಂದವು ಬಿದ್ದುಹೋಗುತ್ತವೆ. ಇಲ್ಲಿನ ಕಂಪ್ಯೂಟರು ಉಳಿದವಕ್ಕೆ ಮಾತ್ರ ಸಾಲಾಗಿ ಸಂಖ್ಯೆ ಕೊಡುವುದರಿಂದ, ನಡುವೆ ಏನಾದರೂ ಕಳೆದಿದೆಯೆಂಬ ಸುಳಿವೂ ಸಿಗುವುದಿಲ್ಲ.

ಕೊಡಿಗೇಹಳ್ಳಿಯ ಹಳೆಯ ಊರಿನೊಳಗೆ ಬ್ಯಾಟರಾಯಪ್ಪನವರ ಮನೆಯಿದೆ. ಅಣ್ಣಂದಿರು ತಮ್ಮ ಪಾಲಿನ ಜಾಗದಲ್ಲಿ ಬಾಡಿಗೆಯ ಮಹಡಿಗಳನ್ನು ಎಬ್ಬಿಸಿದ್ದಾರೆ. ಇವರು ಹುಡುಗರಾಗಿದ್ದಾಗಲೇ ಟಿವಿ ರಿಪೇರಿ ಕಲಿತು, ಆಮೇಲೆ ಕಂಪ್ಯೂಟರ್ ಜೋಡಿಸುವುದಕ್ಕೆ ಬಂದವರು. ಯಶವಂತಪುರದ ಮೊಯಿನುದ್ದೀನ್ ಅವರ ಅಂಗಡಿಯಲ್ಲಿ ನೆಲೆಯಾಗಿ ಬಹಳ ಕಾಲವಾಯಿತು. ಹೆಬ್ಬಾಳದಿಂದ ಯಲಹಂಕದವರೆಗೆ ಎಷ್ಟೋ ಪ್ರಯೋಗಾಲಯಗಳಲ್ಲಿ ಇಂಥ ಕಾರ್ಡುಗಳನ್ನು ಕೂರಿಸಿರುವುದು ಇವರ ಕೈ. ಅಲ್ಲಿಂದ ಹೊರಡುವ ಪ್ರಬಂಧಗಳಲ್ಲಿ ಕ್ಯಾಮೆರಾದ ಹೆಸರಿರುತ್ತದೆ, ಮಸೂರದ ಹೆಸರಿರುತ್ತದೆ. ಕೂರಿಸಿದವರ ಹೆಸರಿರುವುದಿಲ್ಲ. ಆದರೆ ವಿದ್ಯಾರ್ಥಿಗಳಿಗೆಲ್ಲ ಅವರು ‘ಬುಗುರಿ ಅಂಕಲ್’.

ಆ ಹೆಸರಿಗೆ ಕಾರಣ ಅವರದೇ ಒಂದು ಪದ್ಧತಿ. ಕಾರ್ಡ್ ಕೂರಿಸಿ, ಸಾಫ್ಟ್‌ವೇರ್ ಹಾಕಿದ ಮೇಲೆ ಅವರು ತಗಡಿನ ಪೆಟ್ಟಿಗೆಯಿಂದ ಮರದ ಬುಗುರಿಯೊಂದನ್ನು ತೆಗೆಯುತ್ತಾರೆ. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದ ಒಂದು ಗೆರೆ. ಚಾಟಿ ಸುತ್ತಿ ಕ್ಯಾಮೆರಾದ ಮುಂದೆ ಬಿಟ್ಟು, ಬುಗುರಿ ಅಲುಗದೆ ಒಂದೇ ಕಡೆ ನೆಟ್ಟಂತೆ ತಿರುಗುವಾಗ ಚಿತ್ರೀಕರಿಸುತ್ತಾರೆ. ಪರದೆಯ ಮೇಲೆ ಬಿಳಿ ಗೆರೆ ಎಲ್ಲಿಯೂ ನೆಗೆಯದೆ ನಿಧಾನವಾಗಿ ಸುತ್ತಿದರೆ ಕಾರ್ಡ್ ಸರಿಯಿದೆಯೆಂದು ಅರ್ಥ. ಅದನ್ನು ನೋಡಲೆಂದೇ ಪಕ್ಕದ ಕೋಣೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ‘ಬ್ಯಾಟಪ್ಪ, ನಿನ್ ಬುಗುರಿಗೂ ಒಂದು ಪಿಎಚ್‌.ಡಿ ಕೊಡ್ಸೋಣ ಕಣಯ್ಯ’ ಎಂದು ಮೊಯಿನುದ್ದೀನ್ ತಮಾಷೆ ಮಾಡುವುದುಂಟು. ಆ ಮಾತಿಗೆ ಅವರು ನಗುತ್ತಿದ್ದರು. ಒಳಗೊಳಗೇ ಹಿಗ್ಗುತ್ತಲೂ ಇದ್ದರು.

ಇನ್ನೊಂದು ಪದ್ಧತಿಯೂ ಅವರಿಗಿದೆ. ಗ್ರಾಫಿಕ್ಸ್ ಕಾರ್ಡಿನ ಬಿಸಿ ತಾಗದಿರಲೆಂದು ಕ್ಯಾಪ್ಚರ್ ಕಾರ್ಡನ್ನು ಅದರ ಪಕ್ಕಕ್ಕೆ ಹಾಕದೆ, ದೂರದ ಕೆಳಗಿನ ಸ್ಲಾಟಿಗೇ ಹಾಕುತ್ತಾರೆ. ‘ಉಸಿರಾಡಕ್ಕೆ ಜಾಗ ಬೇಕಲ್ಲ ಅದುಕ್ಕೂ’ ಎಂಬುದು ಅವರ ವಾದ. ಕೆಳಗಿನ ಸ್ಲಾಟಿನಲ್ಲೂ ಹಲ್ಲುಗಳು ಪೂರ್ತಿ ಇರುತ್ತಿದ್ದ ಹಳೆಯ ಮದರ್‌ಬೋರ್ಡುಗಳಲ್ಲಿ ಅದು ಸರಿಯಾಗಿಯೇ ಇತ್ತು. ನಿನ್ನೆ ಹೆಬ್ಬಾಳದ ಕಂಪನಿಯೊಂದರಲ್ಲಿ ಹೊಸ ಬೋರ್ಡಿನೊಳಗೆ ಸ್ಕ್ರೂ ಬಿತ್ತು. ಹುಡುಕಲು ಟಾರ್ಚ್ ಹಾಕಿದಾಗ ಕೆಳಗಿನ ಸ್ಲಾಟಿನ ಒಳಭಾಗ ಕಣ್ಣಿಗೆ ಬಿತ್ತು. ಅದೇ ಮಾದರಿಯ ಬೋರ್ಡಿನ ಅದೇ ಸ್ಲಾಟಿಗೆ ಬಾಗಲೂರು ರಸ್ತೆಯಲ್ಲಿಯೂ ಕಾರ್ಡ್ ಕೂರಿಸಿದ್ದು ನೆನಪಾಯಿತು. ಸ್ಕ್ರೂ ಅಲ್ಲೇ ಇತ್ತು. ಅದನ್ನು ಎತ್ತಿಕೊಂಡು, ಅಲ್ಲಿನ ಕಾರ್ಡನ್ನು ಮೇಲಿನ ಸ್ಲಾಟಿಗೆ ಹಾಕಿದರು.

ಬಾಗಲೂರು ರಸ್ತೆಯ ಆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿರುವವರು ನಂದಿತಾ ಎಂಬ ಸಂಶೋಧನಾ ವಿದ್ಯಾರ್ಥಿನಿ. ಕೆರೆಗಳ ಬಳಿ ಸಿಗುವ ಏರೋಪ್ಲೇನ್ ಚಿಟ್ಟೆಗಳು ಹಾರುವಾಗ ನಾಲ್ಕು ರೆಕ್ಕೆಗಳನ್ನು ಹೇಗೆ ಬಡಿಯುತ್ತವೆಂಬುದು ಅವರ ಅಧ್ಯಯನ. ಅವರ ಚಿತ್ರಗಳಲ್ಲಿ ರೆಕ್ಕೆ ಒಮ್ಮೆ ಮೇಲಿದ್ದದ್ದು ಮರುಕ್ಷಣವೇ ಕೆಳಗಿರುತ್ತದೆ; ನಡುವಿನ ಚಲನೆಯೇ ಇರುವುದಿಲ್ಲ. ಮಾರ್ಗದರ್ಶಕ ನಿರಂಜನ್ ಕಾರ್ಡನ್ನು ಅನುಮಾನಿಸಿ ಬ್ಯಾಟರಾಯಪ್ಪನವರಿಗೆ ಫೋನ್ ಮಾಡಿದ್ದರು. ‘ಬುಗುರಿ ಬಿಟ್ಟು ನೋಡಿವ್ನಿ ಸಾರ್, ಒಂದು ಫೋಟೋನೂ ತಪ್ಪಿಲ್ಲ’ ಎಂದು ಇವರು ಬಸ್ ಸ್ಟಾಪಿನಲ್ಲಿ ನಿಂತೇ ಉತ್ತರಿಸಿದ್ದರು. ಬಂದು ನೋಡಲಿಲ್ಲ. ಯಂತ್ರ ಸರಿಯಿದ್ದ ಮೇಲೆ ತಪ್ಪು ನಂದಿತಾ ಅವರದೇ ಎಂದಾಯಿತು: ಬೆಳಕು ಸರಿಯಾಗಿ ಇಟ್ಟಿಲ್ಲ, ಕೀಟವನ್ನು ನಾಜೂಕಾಗಿ ಹಿಡಿದಿಲ್ಲ, ಒಟ್ಟಿನಲ್ಲಿ ಕೈಯೇ ಕೂತಿಲ್ಲ. ಎಲ್ಲರೂ ಸೇರಿದ ಸಭೆಯಲ್ಲಿ ಅದನ್ನು ಹೇಳಲಾಯಿತು. ಇಂದು ಬೆಳಿಗ್ಗೆ ಕ್ಯಾಮೆರಾ ಅವರಿಂದ ಶರತ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ಹೋಗಲಿದೆ. ಮುಂದಿನ ಸರದಿ ಬರುವ ಹೊತ್ತಿಗೆ ಕೆರೆಯಲ್ಲಿ ಚಿಟ್ಟೆಗಳ ಕಾಲವೇ ಮುಗಿದಿರುತ್ತದೆ.

ಇದೆಲ್ಲ ಬ್ಯಾಟರಾಯಪ್ಪನವರಿಗೆ ಗೊತ್ತಾದದ್ದು ನಿನ್ನೆ ಸಂಜೆ, ಗೇಟಿನ ಸೆಕ್ಯೂರಿಟಿಯವರಿಗೆ ಸುಮ್ಮನೆ ಎಂಬಂತೆ ಫೋನ್ ಮಾಡಿ ವಿಚಾರಿಸಿದಾಗ. ನಂದಿತಾ ಅವರಿಗೇ ಫೋನ್ ಮಾಡಲು ಧೈರ್ಯ ಬರಲಿಲ್ಲ. ಊಟದ ತಟ್ಟೆಯ ಮುಂದೆ ಅವರು ಕುಳಿತಿದ್ದ ರೀತಿ ನೋಡಿ ಹೆಂಡತಿ ಗೌರಮ್ಮ ವಿಷಯ ಹೊರಡಿಸಿದರು. ಎಲ್ಲ ಕೇಳಿ, ‘ಇಂಗೆ ಮೊಕ ಇಟ್ಕೊಂಡ್ ಕುಂತ್ರೆ ಆ ಮಗೀಗೆ ಏನ್ ಬಂತು?’ ಎಂದಷ್ಟೇ ಹೇಳಿ, ಹೊಲಿಯುತ್ತಿದ್ದ ರವಿಕೆಗೆ ಮರಳಿದರು.

ಹಾಗಾಗಿ ಈ ನಸುಕಿನಲ್ಲಿ ಬಂದಿದ್ದಾರೆ. ಹೇಳಲು ಬಂದಿಲ್ಲ, ಯಾರೂ ಬರುವ ಮೊದಲೇ ಸರಿಮಾಡಿ ಹೋಗಲು ಬಂದಿದ್ದಾರೆ. ಕಾರ್ಡನ್ನು ಮೇಲಿನ ಸ್ಲಾಟಿಗೆ ಇಳಿಸಿ, ಎರಡೂ ಕೊನೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಟಿಕ್ ಎಂದು ಕೂರುತ್ತದೆ. ಸ್ಕ್ರೂ ಬಿಗಿಯುತ್ತಾರೆ. ಮುಚ್ಚಳ ಹಾಕುವುದೊಂದೇ ಬಾಕಿ.

ಆಗ ಬಾಗಿಲು ತೆರೆಯುತ್ತದೆ. ಜಕ್ಕೂರು ಕೆರೆಯಿಂದ ಬಲೆಯ ಡಬ್ಬಿ ಹಿಡಿದು ನಂದಿತಾ ಬಂದಿದ್ದಾರೆ. ಮುಂಜಾನೆಯ ಚಳಿಯಲ್ಲಿ ಏರೋಪ್ಲೇನ್ ಚಿಟ್ಟೆಗಳು ಜೊಂಡಿಗೆ ಅಂಟಿಕೊಂಡು ಜಡವಾಗಿರುತ್ತವೆ, ಹಿಡಿಯಲು ಅದೇ ಸಮಯ. ಕ್ಯಾಮೆರಾ ಕೈಬಿಡುವ ಮೊದಲು ಕೊನೆಯ ಒಂದು ಪ್ರಯತ್ನ ಮಾಡಬೇಕೆಂದಿದ್ದಾರೆ. ಬ್ಯಾಟರಾಯಪ್ಪನವರು ಧೂಳು ತೆಗೆಯಲು ಬಂದಿದ್ದಾರೆಂದೇ ಅವರು ಭಾವಿಸುತ್ತಾರೆ.

‘ಸಾರಿ ಅಂಕಲ್, ಅವತ್ತು ನನ್ನಿಂದ ನಿಮಗೂ ಫೋನ್ ಬಂತು’ ಎನ್ನುತ್ತಾರೆ. ‘ಕಾರ್ಡ್‌ದು ಏನೂ ಇಲ್ಲ. ನನ್ ಕೈಯೇ ಸರಿ ಇಲ್ಲ.’

ಬ್ಯಾಟರಾಯಪ್ಪನವರ ಕೈಯಲ್ಲಿ ಮುಚ್ಚಳವಿದೆ. ಅದನ್ನು ಹಾಕಿದರೆ ಮುಗಿಯಿತು. ಇವತ್ತಿನ ಚಿತ್ರಗಳು ಚೆನ್ನಾಗಿ ಬರುತ್ತವೆ. ಈ ಹುಡುಗಿ ಕೊನೆಗೂ ಕಲಿತಳು ಎಂದು ಎಲ್ಲರೂ ಮೆಚ್ಚುತ್ತಾರೆ. ಆ ಮೆಚ್ಚುಗೆಯೊಳಗೇ ಇಷ್ಟು ದಿನ ಕಲಿತಿರಲಿಲ್ಲವೆಂಬ ಮಾತು ಉಳಿದೇ ಉಳಿಯುತ್ತದೆ. ಆಕೆ ತಾನೂ ಅದನ್ನು ನಂಬುತ್ತಾಳೆ, ಈಗಲೇ ನಂಬಿದ್ದಾಳೆ. ‘ಆ ಮಗು ನನ್ಗೇ ಸಾರಿ ಅಂದ್ಬುಡ್ತಲ್ಲ, ಅವಾಗ ನನ್ ಕಿವಿ ಎಲ್ಲ ಬಿಸಿಯಾಗೋಯ್ತು’ ಎಂದು ಇದೆಲ್ಲ ಮುಗಿದ ಮೇಲೂ ಆ ಗಳಿಗೆಯನ್ನು ನೆನೆದು ಅವರು ಕತ್ತು ಕೆಳಗೆ ಹಾಕುತ್ತಾರೆ.

ಮುಚ್ಚಳವನ್ನು ನೆಲದ ಮೇಲಿಟ್ಟು ಅವರು ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಸರಿಯಾಗಿ ಕುಳಿತಿದ್ದ ಕಾರ್ಡನ್ನು ಮತ್ತೆ ಕಿತ್ತು, ಹಳೆಯ ತಪ್ಪು ಸ್ಲಾಟಿಗೇ ಹಾಕುತ್ತಾರೆ. ‘ನಿರಂಜನ್ ಸಾರ್ ಬರೋಗಂಟ ಇದ್ನ ಯಾರೂ ಮುಟ್ಬೇಡಿ ನಂದಿತಮ್ಮ’ ಎನ್ನುತ್ತಾರೆ. ಗೋಡೆಯ ಬಳಿಯಿದ್ದ ಟೇಬಲ್ ಫ್ಯಾನನ್ನು ಕ್ಯಾಮೆರಾದ ಮುಂದೆ ತಂದಿಟ್ಟು, ಅದರ ಒಂದು ರೆಕ್ಕೆಗೆ ಬಿಳಿ ಟೇಪು ಅಂಟಿಸುತ್ತಾರೆ. ನಂದಿತಾ ತೆರೆದ ಕಂಪ್ಯೂಟರನ್ನೂ ಅವರ ಮುಖವನ್ನೂ ನೋಡುತ್ತ, ಡಬ್ಬಿಯನ್ನು ಎದೆಗೊತ್ತಿ ನಿಂತಿರುತ್ತಾರೆ.

ನಿರಂಜನ್ ಬಂದಾಗ ಶರತ್ ಜೊತೆಗಿರುತ್ತಾರೆ. ಕ್ಯಾಮೆರಾ ಒಯ್ಯುವ ಪೆಟ್ಟಿಗೆಯೂ ಇರುತ್ತದೆ. ಬ್ಯಾಟರಾಯಪ್ಪ ಫ್ಯಾನ್ ಹಾಕಿ ಚಿತ್ರೀಕರಣ ಶುರುಮಾಡುತ್ತಾರೆ. ಬುಗುರಿ ತಿರುಗಿ ಬೀಳುವಷ್ಟು ಹೊತ್ತು ಕಳೆಯುತ್ತದೆ. ಅವರು ನಿಲ್ಲಿಸುವುದಿಲ್ಲ. ಇನ್ನೂ ಬಹಳ ಹೊತ್ತು ಓಡಿಸಿ ಆಮೇಲೆ ತೋರಿಸುತ್ತಾರೆ. ಆರಂಭದಲ್ಲಿ ಬಿಳಿ ಟೇಪು ನಯವಾಗಿ ಸುತ್ತುತ್ತದೆ. ಹಾಗೇ ಸುತ್ತುತ್ತಿದ್ದದ್ದು ಇದ್ದಕ್ಕಿದ್ದಂತೆ ನೆಗೆಯುತ್ತದೆ, ಮತ್ತೆ ನೆಗೆಯುತ್ತದೆ. ಕಾರ್ಡನ್ನು ಮೇಲಿನ ಸ್ಲಾಟಿಗೆ ಬದಲಿಸಿ ಅಷ್ಟೇ ಹೊತ್ತು ಓಡಿಸಿದಾಗ ಟೇಪು ಎಲ್ಲಿಯೂ ನೆಗೆಯುವುದಿಲ್ಲ.

‘ಅವತ್ತು ಫೋನಲ್ಲಿ ಕೇಳಿದ್ದೆನಲ್ಲ ಬ್ಯಾಟರಾಯಪ್ಪನೋರೆ’ ಎನ್ನುತ್ತಾರೆ ನಿರಂಜನ್. ದನಿ ಏರಿಲ್ಲ.

‘ಕೇಳಿದ್ರಿ ಸಾರ್. ನೋಡ್ದೆ ಹೇಳ್ಬುಟ್ಟೆ. ಬುಗುರಿ ಬೀಳೋದ್ರೊಳ್ಗೆ ತಪ್ಪು ಕಾಣ್ಸದೇ ಇಲ್ಲ ಸಾರ್, ಆಮೇಲೆ ಕಾರ್ಡ್ ತುಂಬ್ಕೊಂಡು ಸುರುವಾಗೋದು. ಈ ಮಗೀದೇನೂ ತಪ್ಪಿಲ್ಲ.’

ನಿರಂಜನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಸಭೆಯಲ್ಲಿ ಹೇಳಿದ್ದನ್ನು ಸಭೆಯಲ್ಲೇ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ನಂದಿತಾ ಅವರಿಗೆ ಹೇಳುವಾಗ ಅವರ ಕಣ್ಣೂ ನೆಲದ ಮೇಲೆಯೇ ಇರುತ್ತದೆ. ಶರತ್ ಖಾಲಿ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಡುತ್ತಾರೆ. ಕ್ಯಾಮೆರಾ ಅಲ್ಲೇ ಉಳಿಯುತ್ತದೆ.

ಎಲ್ಲರೂ ಹೋದ ಮೇಲೆ ನಂದಿತಾ ಮಾತಾಡುತ್ತಾರೆ. ‘ಮುಂಚೇನೇ ಬಂದು ಒಂದ್ಸಲ ನೋಡ್ಬಾರ್ದಿತ್ತಾ ಅಂಕಲ್? ಎಷ್ಟು ಹುಳ ಸತ್ತೋದ್ವು.’ ಕಿಟಕಿಯ ಕಟ್ಟೆಯ ಮೇಲೆ ಒಣಗಿದ ಚಿಟ್ಟೆಗಳನ್ನಿಟ್ಟ ಗಾಜಿನ ತಟ್ಟೆಯಿದೆ. ರೆಕ್ಕೆಗಳು ಇನ್ನೂ ಮಿನುಗುತ್ತವೆ. ಬ್ಯಾಟರಾಯಪ್ಪ ಅತ್ತ ಒಮ್ಮೆ ನೋಡಿ, ಮುಚ್ಚಳ ಹಾಕಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಅಂದು ಅವರಿಗೆ ಕ್ಷಮೆ ಸಿಗುವುದಿಲ್ಲ. ಅವರು ಕೇಳುವುದೂ ಇಲ್ಲ.

ಆಮೇಲಿನ ವಾರಗಳಲ್ಲಿ ಅವರು ಆ ಮಾದರಿಯ ಬೋರ್ಡಿಗೆ ತಾವು ಕಾರ್ಡ್ ಹಾಕಿದ್ದ ಕಡೆಗಳಿಗೆಲ್ಲ ಕರೆಯದೆಯೇ ಹೋಗಿಬಂದಿದ್ದಾರೆ. ಒಂದೊಂದು ಬಾಗಿಲಲ್ಲೂ ಏಕೆ ಬಂದೆನೆಂದು ಹೇಳಬೇಕು. ಕೆಲವರು ಗದರಿದ್ದಾರೆ, ಒಬ್ಬರು ಒಳಗೇ ಬಿಟ್ಟುಕೊಳ್ಳಲಿಲ್ಲ. ಮೊಯಿನುದ್ದೀನ್ ಮೊದಲ ದಿನ ಮುಖ ಗಂಟಿಕ್ಕಿಕೊಂಡಿದ್ದವರು, ಮರುದಿನ ಮನೆಯ ಹಳೆಯ ಟೇಬಲ್ ಫ್ಯಾನನ್ನು ತಂದು, ‘ತಗೋ, ಇದು ಬೀಳಲ್ಲ’ ಎಂದು ಸ್ಕೂಟರಿಗೆ ಕಟ್ಟಿದರು. ಬುಗುರಿ ಈಗ ಮನೆಯಲ್ಲಿ ಗೌರಮ್ಮನವರ ಹೊಲಿಗೆ ಯಂತ್ರದ ಮೇಲಿದೆ. ಅಂಕಲ್ ಬುಗುರಿ ತಂದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಅವರು ಸ್ಕ್ರೂ ಹುಡುಕುವವರಂತೆ ಪೆಟ್ಟಿಗೆಯೊಳಕ್ಕೆ ಬಗ್ಗುತ್ತಾರೆ.

ಮೊನ್ನೆ ನಂದಿತಾ ಫೋನ್ ಮಾಡಿದ್ದರು. ರೆಕ್ಕೆಗಳ ಚಲನೆ ಈಗ ಪೂರ್ತಿಯಾಗಿ ದಾಖಲಾಗಿದೆಯಂತೆ. ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಹಾಕಲು ಅವರ ಪೂರ್ತಿ ಹೆಸರು ಬೇಕಿತ್ತು. ಇಷ್ಟು ಕಾಲದ ಕೆಲಸದಲ್ಲಿ ಯಾರೂ ಕೇಳದಿದ್ದ ಹೆಸರು. ಅವರು ಒಡನೆ ಕೊಡಲಿಲ್ಲ, ಯೋಚಿಸಿ ಹೇಳುತ್ತೇನೆಂದರು. ಯೋಚಿಸಿ ತೀರ್ಮಾನಿಸಿದ್ದನ್ನು ಅಂಗಡಿಯಲ್ಲಿ ಕುಳಿತು ಕಾರ್ಡಿನ ಧೂಳನ್ನು ಕುಂಚದಿಂದ ತೆಗೆಯುತ್ತಲೇ, ಯಾರ ಮುಖವನ್ನೂ ನೋಡದೆ ಹೇಳುತ್ತಾರೆ:

‘ಹೆಸ್ರು ಹಾಕೋದಾದ್ರೆ ಹಾಕ್ಲಿ. ಆದ್ರೆ ನಾನು ಮೊದ್ಲು ಯಾವ ಸ್ಲಾಟಿಗೆ ಹಾಕಿದ್ದೆ ಅಂತಾನೂ ಪಕ್ಕದಲ್ಲೇ ಬರೀಲಿ. ಅದ್ನ ಓದ್ದೋರು ಕಾರ್ಡ್ ಹಾಕೋವಾಗ ಸ್ಲಾಟೊಳಕ್ಕೆ ಟಾರ್ಚ್ ಬಿಟ್ ನೋಡ್ತಾರೆ.’