ಮರದ ಪೂರ್ವಾಪರ ವಿಚಾರಿಸುತ್ತಿದ್ದ ರೆಹಮತ್ ಸಾಬರು

ಹೆಣ್ಣು ನೋಡಲು ಬಂದವರು ಕೂಡ ಅಷ್ಟು ವಿಚಾರಿಸುವುದಿಲ್ಲ. ಹಲಗೆಯೊಂದು ಎದುರಿಗೆ ಬಂದರೆ ಸಾಕು, ರೆಹಮತ್ ಸಾಬರು ಶುರು ಮಾಡುವರು. ಯಾವೂರಿನ ಮರ? ಮನೆ ಮುಂದಿತ್ತೋ, ಬದುವಿನಲ್ಲಿತ್ತೋ? ಬೇಲಿ ತಂತಿ ಸುತ್ತಿದ್ದರಾ, ಬೋರ್ಡು ಹೊಡೆದಿದ್ದರಾ? ಆಮೇಲೆ ಹಳೇ ರೇಡಿಯೋ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಹಲಗೆಯ ಉದ್ದಕ್ಕೂ ನಿಧಾನವಾಗಿ ನಡೆಸುವರು. ಒಳಗೆ ಕಬ್ಬಿಣವಿದ್ದರೆ ಅದು ಅತ್ತ ವಾಲುತ್ತಿತ್ತು. "ಮರ ಸುಳ್ಳು ಹೇಳಲ್ಲ ಕಣಪ್ಪ, ತಂದವ್ರು ಹೇಳ್ತಾರೆ" ಎನ್ನುವರು.

ತೊಂಬತ್ತೇಳರ ಸುಮಾರಿಗೆ ನಾನು ಗುಬ್ಬಿಯಲ್ಲಿ ಒಂದು ಶೆಡ್ಡು ಹಿಡಿದು ಮರಗೆಲಸ ಶುರು ಮಾಡಿದೆ. ಸೆಕೆಂಡ್ ಹ್ಯಾಂಡ್ ಟೇಬಲ್ ಗರಗಸವೊಂದನ್ನು ತಂದಿದ್ದೆ. ಕಬ್ಬಿಣದ ಮೇಜು, ಅದರ ಸೀಳಿನಿಂದ ಮೇಲೆದ್ದು ತಿರುಗುವ ಹಲ್ಲಿನ ಚಕ್ರ. ಅದನ್ನು ಕೂರಿಸಲು ತುಮಕೂರಿನಿಂದ ರೆಹಮತ್ ಸಾಬರನ್ನೇ ಕರೆಸಿದೆ. ಆ ಕಾಲಕ್ಕೆ ತುಮಕೂರಿನ ಕಡೆ ಯಾರು ಗರಗಸ ಕೊಂಡರೂ ಕೂರಿಸುತ್ತಿದ್ದವರು ಅವರೇ. ವೈರು ಕೊಟ್ಟರೆ ಮಧ್ಯಾಹ್ನಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಪುಣ್ಯಾತ್ಮರು ಎರಡು ದಿನ ತೆಗೆದುಕೊಂಡರು.

ಮೊದಲು ಫ್ಯೂಸು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ರಸಮಟ್ಟ ಇಟ್ಟು ನಾಲ್ಕು ಕಾಲೂ ಸರಿಮಾಡಿದರು. ಚಕ್ರದ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅದನ್ನು ಕೈಯಲ್ಲೇ ಮುಂದಕ್ಕೂ ಹಿಂದಕ್ಕೂ ತಿರುಗಿಸಿ, ಮರವನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿಯಿಂದ ಎಷ್ಟು ದೂರವಿದೆಯೆಂದು ಎರಡೂ ಕಡೆ ಅಳೆದರು. "ಕೂದ್ಲೆಳೆ ವ್ಯತ್ಯಾಸ ಇದ್ರೂ ಮರ ಸಿಕ್ಕಾಕ್ಕೊಂಡು ಹಿಂದಕ್ಕೆ ಒದೀತದೆ, ಕತ್ತೆ ಒದ್ದಂಗೆ." ಸೀಳಿದ ಮರ ಮತ್ತೆ ಕೂಡಿಕೊಂಡು ಚಕ್ರವನ್ನು ಹಿಡಿಯದಿರಲೆಂದು ಹಿಂದುಗಡೆ ಉಕ್ಕಿನ ತಗಡೊಂದನ್ನು ನಿಲ್ಲಿಸಿ, ಅದಕ್ಕೇ ಚಕ್ರದ ಮುಚ್ಚಳ ಸೇರಿಸಿದರು. ಕೊನೆಗೆ ಚಕ್ರದ ನೇರಕ್ಕೆ ಬಾಗಿಲವರೆಗೂ ಕೆಮ್ಮಣ್ಣಿನ ಬಣ್ಣದಲ್ಲಿ ಎರಡು ಗೆರೆ ಎಳೆದು, "ಈ ಗೆರೆ ಒಳ್ಗಡೆ ನಮ್ಮಪ್ಪ ಬಂದ್ರೂ ನಿಲ್ಲಂಗಿಲ್ಲ. ನೀನೂ ಪಕ್ಕಕ್ಕೇ ನಿಂತು ತಳ್ಬೇಕು" ಎಂದರು. ನನ್ನ ಮಣಿಕಟ್ಟಿನಲ್ಲಿದ್ದ ದೇವರ ದಾರವನ್ನೂ ಬಿಡಲಿಲ್ಲ. "ದೇವ್ರು ಎದೇಲಿರ್ಲಿ. ದಾರ ಚಕ್ರಕ್ಕೆ ಸುತ್ಕೊಂಡ್ರೆ ಕೈನೂ ಎಳ್ಕೊಂಡೋಗ್ತದೆ." ಬಿಚ್ಚಿಸಿಯೇ ಬಿಟ್ಟರು. ಅಮ್ಮ ವಾರವೆಲ್ಲಾ ಬೈದಳು.

ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಸಾಬರು ಗರಗಸ ನೋಡಿಕೊಂಡು ಹೋಗಲು ಬಂದಿದ್ದರು. ಅದೇ ಹೊತ್ತಿಗೆ ಚೇಳೂರು ಕಡೆಯ ರೈತರೊಬ್ಬರು ಬೇವಿನ ದಪ್ಪ ಹಲಗೆಗಳನ್ನು ಟೆಂಪೋದಲ್ಲಿ ತಂದರು. ಮಗಳನ್ನು ನೋಡಲು ಮುಂದಿನ ವಾರ ಗಂಡಿನವರು ಬರುವವರಿದ್ದರು, ಅಷ್ಟರಲ್ಲಿ ಬಾಗಿಲು ಆಗಬೇಕಿತ್ತು. ಸಾಬರು ಎಂದಿನಂತೆ ವಿಚಾರಿಸಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು.

"ಗಾಳಿ ಗೀಳಿ ಅಂತ ಯಾರಾದ್ರೂ ಈ ಮರಕ್ಕೆ ಮೊಳೆ ಹೊಡ್ಸಿದ್ರಾ ಯಜಮಾನ್ರೇ?"

ದೆವ್ವ ಮೆಟ್ಟಿದವರನ್ನು ಮರದ ಹತ್ತಿರ ಕರೆತಂದು, ಮಂತ್ರವಾದಿಯಿಂದ ಮೊಳೆ ಹೊಡೆಸಿ ದೆವ್ವವನ್ನು ಅಲ್ಲೇ ಕಟ್ಟಿಹಾಕಿಸುವುದು ನಮ್ಮ ಕಡೆ ಉಂಟು. ರೈತರ ಮುಖ ಕೆಂಪಾಯಿತು. "ನಮ್ಮನೇಲಿ ಅಂಥದ್ದೇನೂ ಆಗಿಲ್ಲ ಬುಡಿ!"

ಅಯಸ್ಕಾಂತ ಒಂದು ಕಡೆ ಚೂರು ವಾಲಿತು. ವಾಲಿತೋ, ಗಾಳಿಗೆ ಅಲುಗಿತೋ ನನಗೆ ಗೊತ್ತಾಗಲಿಲ್ಲ. ಸಾಬರು ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, "ನಮಾಜ್ ಮುಗ್ಸಿ ಬಂದು ಉಳೀಲಿ ಕೆತ್ತಿ ನೋಡ್ತೀನಿ. ಅಲ್ಲೀವರ್ಗೂ ಮುಟ್ಬೇಡ" ಎಂದು ಹೋದರು.

ಎರಡಕ್ಕೆ ಕರೆಂಟು ಹೋಗುತ್ತಿತ್ತು. ಟೆಂಪೋದವನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ರೈತರು "ನನ್ ಮಾತಿನ್ ಮೇಲೆ ನಂಬ್ಕೆ ಇಲ್ವೇನಪ್ಪಾ?" ಎಂದರು. ನನಗೂ ಅದೇ ಬೇಕಿತ್ತು ಅನ್ನಿ. ದಪ್ಪ ಹಲಗೆಗೆ ಮುಚ್ಚಳ ಅಡ್ಡ ಬಂತು. ಅದರ ಜೊತೆ ಹಿಂದಿನ ತಗಡನ್ನೂ ಬಿಚ್ಚಿ ಮೂಲೆಗಿಟ್ಟೆ. ಎಂಥಾ ಕೊಬ್ಬು ನನಗೆ!

ಅರ್ಧ ಹಲಗೆ ಸರಾಗವಾಗಿ ಸೀಳಿತು. ನಾನು ಪಕ್ಕಕ್ಕೇ ನಿಂತಿದ್ದೆ. ತಮ್ಮ ಹಲಗೆ ನೋಡುತ್ತಾ ರೈತರು ಯಾವಾಗ ಗೆರೆಯ ಒಳಗೆ ಬಂದು ನಿಂತರೋ ನಾನು ಗಮನಿಸಲಿಲ್ಲ. ಬಾಗಿಲಲ್ಲಿ ಸಾಬರ ಕೂಗು ಕೇಳಿತು.

"ಅರೇ! ಗೆರೆ ಬಿಡ್ರೀ!"

ಓಡಿ ಬಂದು ರೈತರನ್ನು ಎರಡೂ ಕೈಯಲ್ಲಿ ನೂಕಿದರು. ಆಗಲೇ ಢಣ್ಣೆಂದು ಸದ್ದಾಯಿತು. ಹಲಗೆ ನನ್ನ ಕೈಯಿಂದ ಹೋದದ್ದು ಗೊತ್ತು, ಎತ್ತ ಹೋಯಿತೆಂಬುದು ಗೊತ್ತಿಲ್ಲ. ಸ್ವಿಚ್ ಆರಿಸಿ ತಿರುಗಿದರೆ, ರೈತರು ಗೋಡೆಯ ಬುಡದಲ್ಲಿ ಬಿದ್ದಿದ್ದರು, ಅವರಿಗೆ ಏನೂ ಆಗಿರಲಿಲ್ಲ. ಹಿಂದಕ್ಕೆ ಒದ್ದ ಹಲಗೆ ಬಡಿದ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಸಾಬರು ಕೂತಿದ್ದರು. ಬಿಳೀ ಜುಬ್ಬಾ ಪೂರ್ತಿ ರಕ್ತ.

ಸೀಳಿದ ಜಾಗದಲ್ಲಿ ಬೆರಳುದ್ದದ ಮೊಳೆಯೊಂದು ಹಲ್ಲು ಕಿರಿಯುತ್ತಿತ್ತು. ರೈತರು ಅಳಲು ಶುರು ಮಾಡಿದರು. "ಮಗಳಿಗೇ ಹೊಡ್ಸಿದ್ದು ಸಾಬ್ರೆ. ಸಣ್ಣೋಳಿದ್ದಾಗ. ಈಗ ಗೊತ್ತಾದ್ರೆ ಗಂಡಿನೋರು ಒಪ್ತಾರಾ?"

ಹೊರಗೆ ಜನ ಸೇರುತ್ತಿದ್ದರು. ಸಾಬರು ನೋವಿನಲ್ಲೇ ನನ್ನತ್ತ ತಿರುಗಿ, "ಆ ಮೊಳೆ ಕಿತ್ತು ಜೇಬಿಗೆ ಹಾಕ್ಕೊಳ್ಳೋ, ಬೇಗ" ಎಂದರು. ಯಾರು ಓಡಿಸುತ್ತಿದ್ದದ್ದು ಎಂದು ಜನ ಕೇಳಿದಾಗ ಅವರೇ ಉತ್ತರಿಸಿದರು: "ನಾನೇ. ಗಂಟು ಸಿಕ್ತು. ಮೈಮರೆತುಬಿಟ್ಟೆ." ನನ್ನ ಹೆಸರು ಬಂದಿದ್ದರೆ ಜನ ಕೆದಕಿ ಕೆದಕಿ ಮೊಳೆಯ ತನಕ ಬರುತ್ತಿದ್ದರು; ಮೊಳೆ ನನ್ನ ಜೇಬಿನಲ್ಲಿತ್ತು.

ಬಲಗೈ ಮತ್ತೆ ಉಳಿ ಹಿಡಿಯಲಿಲ್ಲ. ಕೈ ಹೋದರೂ ಕಣ್ಣಿತ್ತು, ಅನುಭವವಿತ್ತು, ಗರಗಸ ಕೂರಿಸುವುದನ್ನು ನಿಂತು ಹೇಳಿಕೊಡಬಹುದಿತ್ತು. ಆದರೆ ಕರೆಯುವವರಿರಲಿಲ್ಲ. "ತನ್ ಕೈ ಉಳಿಸ್ಕೊಳ್ಳೋಕಾಗ್ದೋರು ನಮಗೇನ್ ಹೇಳ್ಕೊಡ್ತಾರೆ" ಎಂದು ತುಮಕೂರಿನ ಅಂಗಡಿಗಳಲ್ಲಿ ಮಾತಾಡಿಕೊಂಡದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಕೆಲವು ವರ್ಷದ ಮೇಲೆ ಅವರ ಮನೆಗೆ ಹೋಗಿ, "ನಿಜ ಹೇಳ್ಬಿಡ್ತೀನಿ ಸಾಬ್ರೆ. ನಿಮ್ ಹೆಸ್ರು ಹಾಳಾಗೋಯ್ತು" ಎಂದೆ.

ಎಡಗೈಯಲ್ಲಿ ಟೀ ಲೋಟ ಹಿಡಿದಿದ್ದವರು ಕೇಳಿದರು: "ಆ ಹುಡ್ಗಿ ಹೆಂಗವ್ಳೆ?"

"ಚೆನ್ನಾಗವ್ಳೆ. ಕುಣಿಗಲ್‌ಗೆ ಕೊಟ್ಟವ್ರೆ. ಎರಡು ಮಕ್ಳು."

"ಹಂಗಾದ್ರೆ ಸುಮ್ನಿರು. ಟೀ ಆರೋಯ್ತದೆ, ಕುಡಿ."

ಅದೇ ಕೊನೆಯ ಭೇಟಿ. ಅವರನ್ನು ಮಣ್ಣು ಮಾಡಿದ ದಿನ ಮರದ ವ್ಯಾಪಾರಿಯೊಬ್ಬರು ನನ್ನ ಪಕ್ಕದಲ್ಲಿ ನಿಂತು, "ಎಂಥಾ ಕಸುಬುದಾರ್ರು. ಒಂದೇ ಒಂದ್ಸಲ ಮೈಮರೆತ್ರು ನೋಡಿ, ಎಲ್ಲಾ ಹೋಯ್ತು" ಎಂದು ನಿಟ್ಟುಸಿರು ಬಿಟ್ಟರು. ನಾನು "ಹೌದು" ಎಂದೆ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದು ಸಾಬರ ಮಾತಿಗೆ. ಆವತ್ತು ಹೌದು ಎಂದದ್ದು ಮಾತ್ರ ನನ್ನ ಹೇಡಿತನ. ಆ ರೈತರ ಮನೆಯವರ ಹೆಸರು ನನ್ನ ಜೊತೆಗೇ ಹೋಗಲಿ. ಆದರೆ ರೆಹಮತ್ ಸಾಬರು ತಮ್ಮ ಜನ್ಮದಲ್ಲಿ ಒಂದು ದಿನವೂ ಮೈಮರೆತವರಲ್ಲ. ಆ ಶುಕ್ರವಾರ ಗರಗಸ ಓಡಿಸಿದವನು ನಾನು.