ಎಂಟನೆಯ ತರಗತಿಯ ದಾರಿ

ಬಸ್ಸು ಶಿವಮೊಗ್ಗ ಬಿಟ್ಟಾಗ ಮಂಜು ಕರಗಿರಲಿಲ್ಲ. ಕಂಡಕ್ಟರ್ ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ ಕೊಟ್ಟರು. ಹೊಲ, ಕೆರೆ, ಬೆಳ್ಳಕ್ಕಿ ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತಿದ್ದವು. ತೂಕಡಿಕೆಯಲ್ಲೇ ಶಿಕಾರಿಪುರ ಬಂತು.

ಅಲ್ಲಿನ ಒಂದು ಉರ್ದು ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಮಕ್ಕಳು ದೊಡ್ಡ ಪ್ರೌಢಶಾಲೆಗೆ ಹೋಗಬೇಕು. ಹಾಗೆ ಹೋದಾಗ ಅವರ ಗಣಿತ ಏನಾಗುತ್ತದೆ ಎಂಬುದು ನನ್ನ ಸಂಶೋಧನೆ. ಏಳರವರೆಗೆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಶಬಾನಾ ಈಗ ಎಂಟರ ಪರೀಕ್ಷೆಗಳಲ್ಲಿ ಸತತವಾಗಿ ನಪಾಸಾಗಿದ್ದಳು.

ಅವಳು ಶಾಲೆಗೆ ಹೊರಡುವ ಮೊದಲೇ ಮನೆಗೆ ಹೋದೆ. ಅವಳ ತಾಯಿ ಹೊಲಿಗೆ ಯಂತ್ರ ನಿಲ್ಲಿಸದೆ ಹೇಳಿದರು: "ಈ ಸಲಾನೂ ಫೇಲಾದ್ರ ಶಾಲಿ ಸಾಕು ಅಂದಾರ್ರೀ ಅವರಪ್ಪ. ಮನ್ಯಾಗ ಕೂತು ಗುಂಡಿ ಹಚ್ಲಿ."

"ಗುಂಡಿ ಹಚ್ಚೋಕೂ ಲೆಕ್ಕ ಬೇಕಲ್ಲ ಅಮ್ಮಿ," ಎಂದಳು ಶಬಾನಾ.

ನಾನು ಕೊಟ್ಟ ಲೆಕ್ಕವನ್ನು ಕ್ಷಣದಲ್ಲಿ ಬಿಡಿಸಿದಳು. ತರಗತಿಯಲ್ಲೇಕೆ ಆಗುವುದಿಲ್ಲ ಎಂದು ಕೇಳಿದೆ.

"ಅಲ್ಲಿ ಬೇಗ ಮುಗಿಸ್ಬಾರ್ದು ಮೇಡಂ," ಎಂದು ಚೀಲ ಹೆಗಲಿಗೇರಿಸಿದಳು.

ಮಧ್ಯಾಹ್ನ ಸೊರಬಕ್ಕೆ ಹೋದೆ. ಅಲ್ಲಿ ನಾನು ನೋಡಿದ ಉರ್ದು ಶಾಲೆಯಲ್ಲಿ ಎಂಟನೆಯ ತರಗತಿಯೂ ಅದೇ ಅಂಗಳದಲ್ಲಿತ್ತು. ಬಿಸಿಲಕೋಲಿನಲ್ಲಿ ಸೀಮೆಸುಣ್ಣದ ಧೂಳು ತೇಲುತ್ತಿತ್ತು. ಎಂಟರ ಹುಡುಗಿಯೊಬ್ಬಳು ಲೆಕ್ಕ ಮುಗಿಸಿ, ಯಾರನ್ನೂ ಕೇಳದೆ ಎದ್ದು, ನಾಲ್ಕನೆಯ ತರಗತಿಯವರ ನಡುವೆ ಕೂತು ಭಾಗಾಕಾರ ಹೇಳಿಕೊಡತೊಡಗಿದಳು.

"ಕೇಳದೇ ಎದ್ದುಬಿಟ್ಟಳಲ್ಲ?" ಎಂದೆ.

ಮೇಷ್ಟ್ರು ನಕ್ಕರು. "ಕೇಳೋದೆಂತಕ್ಕೆ ಮೇಡಂ? ಮುಗಿಸ್ದೋರು ಸಣ್ಣೋರಿಗೆ ಹೇಳ್ಕೊಡೋದು. ಮೊದ್ಲು ನಾನು ಶಿಕಾರಿಪುರದ ಉರ್ದು ಶಾಲೇಲಿದ್ದೆ. ಅಲ್ಲೂ ಹಿಂಗೇಯ."

ಸಂಜೆ ಶಿಕಾರಿಪುರಕ್ಕೆ ಮರಳಿ ಶಬಾನಾಳನ್ನು ಕೇಳಿದೆ: "ಲೆಕ್ಕ ಮುಗಿಸಿ ಹೇಳಿಕೊಡೋಕೆ ಹೊಸ ಶಾಲೆಯಲ್ಲೂ ಎದ್ದಿದ್ದೆಯಾ?"

"ಮೊದಲ್ನೇ ವಾರ ಎದ್ದೆ. ಪಕ್ಕದ ಬೆಂಚಿನವಳಿಗೆ ಹೇಳ್ಕೊಟ್ಟೆ. ಕಾಪಿ ಮಾಡಿಸ್ತೀಯಾ ಅಂತ ಹೊರಗೆ ನಿಲ್ಸಿದ್ರು. ಈಗ ಪರೀಕ್ಷೇಲೂ ಅರ್ಧಕ್ಕೇ ಬಿಟ್ಟು ಕೂರ್ತೀನಿ. ಮುಗಿದ್ರೆ ಕಾಲು ತಾನಾಗೇ ಏಳ್ತದೆ."

ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ತಾಯಿ ಬುರ್ಖಾ ತೊಟ್ಟು ನಮ್ಮ ಜೊತೆ ಪ್ರೌಢಶಾಲೆಗೆ ಬಂದರು. ಗಣಿತದ ಟೀಚರ್ ಎಲ್ಲವನ್ನೂ ಕೇಳಿ, ಡಸ್ಟರನ್ನು ಕೈಯಿಂದ ಕೈಗೆ ಬದಲಿಸಿದರು.

"ನಮಗ್ಯಾರೂ ಹೇಳ್ಲೇ ಇಲ್ವಲ್ರೀ," ಎಂದವರು ಶಬಾನಾ ಕಡೆ ತಿರುಗಿದರು. "ಆ ಹಿಂದಿನ ಬೆಂಚಿನೋರಿಗೆ ನಾನು ಹೇಳಿ ಹೇಳಿ ಸೋತೀನಿ. ನೀನು ನೋಡವ್ವ."

ನನ್ನ ಬಸ್ಸು ಶಾಲೆಯ ಮುಂದೆಯೇ ಹಾದುಹೋಯಿತು. ಮಂಜಿನಾಚೆ ತರಗತಿಯ ಕಿಟಕಿ ಕಂಡಿತು. ಬಾಗಿದ ತಲೆಗಳ ನಡುವಿಂದ ಒಂದು ತಲೆ ಮಾತ್ರ ಮೇಲೆದ್ದು, ಕ್ಷಣ ತಡೆದು, ಮೆಲ್ಲನೆ ಹಿಂದಿನ ಬೆಂಚಿನತ್ತ ಸಾಗಿತು.